ಮುಳ್ಳು ಹಾಕಿದ ಮನೆಯ ಬೆಲೆ

ನಮ್ಮ ಮನೆ ಬಾಗಿಲಿಗೆ ಅಡ್ಡ ಹಾಕಿದ್ದ ಜಾಲಿ ಮುಳ್ಳನ್ನು ಯಾರೋ ಎತ್ತಿ ಜಗಲಿಯ ಪಕ್ಕಕ್ಕಿಟ್ಟಿದ್ದರು. ಒಳಗಿನಿಂದ ಟಕ್ ಟಕ್ ಅಂತ ಸದ್ದು ಬರುತ್ತಿತ್ತು.

ಹಾಡಹಗಲು. ಕಳ್ಳನಾದರೆ ಭಂಡ ಕಳ್ಳ. ಆ ಮನೆಯೊಳಗೆ ಕದಿಯುವಂಥದ್ದು ಏನೂ ಉಳಿದಿಲ್ಲವೆಂದು ಹರದನಹಳ್ಳಿಯ ನಾಯಿಗಳಿಗೂ ಗೊತ್ತಿತ್ತು. ನಾನು ಕೈಗೆ ಸಿಕ್ಕ ಸೌದೆಯೊಂದನ್ನು ಎತ್ತಿಕೊಂಡು ಹೊಸಿಲಿನ ಈಚೆಗೇ ನಿಂತೆ.

"ಯಾವನಯ್ಯ ಅದು? ಈಚೆಗೆ ಬಾ!"

ಸದ್ದು ನಿಂತಿತು. ತಲೆ ತುಂಬ ಜೇಡರ ಬಲೆ ಹೊತ್ತುಕೊಂಡು ಎತ್ತರದ ಆಳೊಬ್ಬ ಹೊರಗೆ ಬಂದ. ಕೈಯಲ್ಲಿ ಚಿಕ್ಕ ಸುತ್ತಿಗೆ, ಹೆಗಲ ಮೇಲೆ ಕೆಂಪು ಟವೆಲು. ನನ್ನ ಕೈಯ ಸೌದೆ ನೋಡಿದ, ಆಮೇಲೆ ನನ್ನ ಮುಖ ನೋಡಿದ, ಆಮೇಲೆ ಮತ್ತೆ ಸೌದೆ ನೋಡಿದ.

"ಒಡೀಬ್ಯಾಡಿ ಕಣವ್ವ. ಅದು ಹುಣಸೆ ಸೌದೆ, ನನ್ನ ತಲೆ ಒಡೀತದೆ, ಅದು ಮುರಿಯಕಿಲ್ಲ," ಅಂದ. "ಮನೆ ನೋಡಾಕೆ ಬಂದಿವ್ನಿ. ನೀವ್ಯಾರು?"

"ಮನೆಯೋಳು."

"ಅಂಗಾರೆ ಒಳಕ್ಕೆ ಬನ್ನಿ. ಮನೆಯೋರು ಬೀದೀಲಿ, ನಾನು ಒಳಗೆ. ಚೆಂದಾಗಿಲ್ಲ."

ನಗಬಾರದು ಅಂದುಕೊಂಡೆ, ನಗಲಿಲ್ಲ. ಒಳಕ್ಕೂ ಹೋಗುವಂತಿರಲಿಲ್ಲ.

ಅವ್ವ ಮೂಗಮ್ಮ ಸತ್ತದ್ದು ಯುಗಾದಿ ಕಳೆದ ಮೇಲೆ, ಧನಿಷ್ಠಾ ನಕ್ಷತ್ರದಲ್ಲಿ. ಪಂಚಾಂಗ ನೋಡಿದ ಅಯ್ಯನೋರು ಆರು ತಿಂಗಳು ಮನೆ ಬಿಡಬೇಕು ಅಂದರು. ಕೆಟ್ಟ ನಕ್ಷತ್ರದ ಸಾವಾದರೆ ನಮ್ಮ ಕಡೆ ಹಾಗೆಯೇ. ಸಾಮಾನು ಹೊರಗೆ ಹಾಕಿ, ಬಾಗಿಲು ಎಳೆದುಕೊಂಡು, ಅಡ್ಡ ಮುಳ್ಳು ಹಾಕಿ ಹೊರಟುಬಿಡಬೇಕು. ಗಡುವಿನೊಳಗೆ ಆ ಮುಳ್ಳು ದಾಟಿದವರಿಗೆ ಕೇಡು ತಪ್ಪಿದ್ದಲ್ಲ ಅನ್ನುತ್ತಾರೆ. ಅವ್ವ ಇದ್ದಾಗ ಹಗಲು ಹೊತ್ತು ಆ ಬಾಗಿಲು ಮುಚ್ಚಿದ್ದೇ ಇಲ್ಲ. "ಬಾಗ್ಲು ಮುಚ್ಕೊಂಡು ಉಣ್ಣೋರು ಕದ್ದು ತಂದಿರ್ತಾರೆ" ಅನ್ನುತ್ತಿದ್ದಳು. ಅಂಥವಳ ಬಾಗಿಲಿಗೆ ಮುಳ್ಳು ಹಾಕಿ ನಾನು ಚಾಮರಾಜನಗರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ. ಅಲ್ಲಿನ ರೇಷ್ಮೆ ಕಾರ್ಖಾನೆಯಲ್ಲಿ ಗೂಡಿನಿಂದ ನೂಲು ಬಿಚ್ಚುವ ಕೆಲಸ ನನ್ನದು. ರಜೆಯ ದಿನ ಬಸ್ಸು ಹತ್ತಿ ಬಂದು, ಬೀದಿಯಲ್ಲಿ ನಿಂತು ಮನೆ ನೋಡಿಕೊಂಡು ವಾಪಸು ಹೋಗುತ್ತಿದ್ದೆ. ಮೂಗಮ್ಮನ ಮಗಳು ಭಾನುಗೆ ತಲೆ ಕೆಟ್ಟಿದೆ ಅಂತ ಊರವರು ಅಂದುಕೊಂಡಿದ್ದರೆ ಅವರ ಬಾಯಿ, ಅವರ ಇಷ್ಟ.

"ಮುಳ್ಳು ಯಾಕೆ ಎತ್ತಿದ್ರಿ?" ಅಂದೆ.

"ಎತ್ತದೆ ಎಂಗೆ ಓಗದು? ಆರಿದ್ರೆ ಪಂಚೆ ಅರೀತಿತ್ತು."

"ಕೆಟ್ಟ ನಕ್ಷತ್ರದ ಮನೆ ಇದು."

"ಗೊತ್ತು ಬುಡಿ. ನಾನು ಓಗೋವೆಲ್ಲಾ ಅಂಥ ಮನೆಗಳೇ. ನಗ್ತಾ ಇರೋ ಮನೆಗೆ ನನ್ನ ಯಾರು ಕರೀತಾರೆ?"

ಹೆಸರು ಶಾಂತರಾಜು, ಊರು ಗುಂಡ್ಲುಪೇಟೆ. ಅಲ್ಲಿ ಮರಿಮಲ್ಲಪ್ಪ ಅನ್ನುವವರದು ಹಳೇ ಮರದ ಮಂಡಿ. ಹಳೇ ಮನೆಗಳನ್ನು ಕೊಂಡು, ಬಿಚ್ಚಿ, ಬಾಗಿಲು, ಕಂಬ, ತೊಲೆಗಳನ್ನು ಕೇರಳದವರಿಗೆ ಮಾರುತ್ತಾರೆ. ಯಾವ ಮನೆಯ ಮರ ಎಷ್ಟು ಬಾಳುತ್ತದೆ ಎಂದು ಬಡಿದು ನೋಡಿ ಹೇಳುವವನೂ ಶಾಂತರಾಜು, ಆಮೇಲೆ ಆಳುಗಳನ್ನು ಕರೆದುಕೊಂಡು ಬಂದು ಬಿಚ್ಚುವವನೂ ಅವನೇ. ಅವನನ್ನು ಕಳಿಸಿದ್ದು ನನ್ನ ಅಣ್ಣ ಮಾದೇಶ. ಅಣ್ಣ ಹೆಂಡತಿ, ಮಗು ಜೊತೆ ಗುಂಡ್ಲುಪೇಟೆಯಲ್ಲೇ ಇದ್ದ, ಯಾರದೋ ಜೀಪು ಓಡಿಸುತ್ತಿದ್ದ. ಸ್ವಂತಕ್ಕೆ ಒಂದು ಜೀಪು ಬೇಕು ಅನ್ನುವುದು ಅವನ ಜಪ.

ಚಾಮರಾಜನಗರ ಜಿಲ್ಲೆಯಾಗುತ್ತದೆ ಎಂದು ಆ ವರ್ಷ ಸುತ್ತಮುತ್ತಲ ಸೈಟುಗಳಿಗೆಲ್ಲ ರೆಕ್ಕೆ ಬಂದಿತ್ತು. ನಮ್ಮ ಮನೆಗೆ ಮಾತ್ರ ಬರಲಿಲ್ಲ. ಪಕ್ಕದ ಗುರುಮಲ್ಲಯ್ಯ ಹದಿನೆಂಟು ಸಾವಿರಕ್ಕೆ ಕೇಳಿದ್ದರು, ಅದೂ ದನ ಕಟ್ಟುವುದಕ್ಕೆ. "ಅಲ್ಲಿ ಮನುಷ್ರು ಮಲಗ್ತಾರಾ ಕಣಮ್ಮಿ?" ಅಂದಿದ್ದರು. ಬಿಚ್ಚಿದರೆ ಬೇರೆ ಮಾತು. ತಾತ ರಾಚಯ್ಯ ಕಾಡು ಕಡಿಯುವ ಕಂಟ್ರಾಕ್ಟರನ ಹತ್ತಿರ ಕೂಲಿಗಿದ್ದು, ಕೂಲಿಯ ಬದಲು ತಂದ ಹೊನ್ನೆ ಮರ ಅದು. ಮರ ಯಾವ ನಕ್ಷತ್ರದ ಮನೆಯದು ಅಂತ ಕೇರಳದವರು ಕೇಳುವುದಿಲ್ಲ.

ಅಂದರೆ, ನಿಂತ ಮನೆಗಿಂತ ಬಿದ್ದ ಮನೆಗೆ ಹೆಚ್ಚು ಬೆಲೆ. ಇದನ್ನು ಶಾಂತರಾಜು ಜಗಲಿಯ ತುದಿಯಲ್ಲಿ ಕೂತು, ತಲೆಯ ಬಲೆ ಕೊಡವಿಕೊಳ್ಳುತ್ತಾ ಹೇಳಿದ. ನನಗೆ ಅವನನ್ನು ಆ ಸೌದೆಯಲ್ಲೇ ಬಡಿಯಬೇಕೆನಿಸಿತು.

"ಬೇರೆಯೋರ ಮನೆ ಬಿಚ್ಚಿ ಹೊಟ್ಟೆ ಹೊರ್ಕೊಳಕ್ಕೆ ನಿಮಗೆ ಏನೂ ಅನ್ಸಲ್ವಾ?"

"ನೀವೇನು ಕೆಲಸ ಮಾಡಾದು?"

"ರೇಷ್ಮೆ ನೂಲು ಬಿಚ್ತೀನಿ."

"ಅದೂ ಮನೇನೇ ಅಲ್ವಾ? ರೇಷ್ಮೆ ಉಳದ್ದು," ಅಂದ. "ನಾನಾದ್ರೆ ಒಳಗಿರೋರ್ನ ಈಚೆಗೆ ಕಳ್ಸಿ ಬಿಚ್ತೀನಿ. ನೀವು ಒಳಗಿಟ್ಟೇ ಬೇಯಿಸ್ತೀರಿ."

ಈ ಸಲ ನಗು ತಡೆಯಲಾಗಲಿಲ್ಲ. ಅವ್ವ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಅವನು ನನ್ನ ನಗುವನ್ನೇ ನೋಡುತ್ತಿದ್ದ. ನಾನು ನೋಡಿದ ತಕ್ಷಣ ಕಣ್ಣು ತಗ್ಗಿಸಿ ಸುತ್ತಿಗೆಯ ಹಿಡಿ ಒರೆಸತೊಡಗಿದ. ಕಿವಿ ಕೆಂಪಾಗಿತ್ತು.

ಆಮೇಲೆ ಅವನು ಮರ ನೋಡುವ ನೆಪದಲ್ಲಿ ಬಂದ. ಬಂದಾಗಲೆಲ್ಲ ನನ್ನ ರಜೆಯ ದಿನವೇ ಹೇಗೆ ಬಂದ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವನು ಒಳಗೆ ಕಂಬ ಬಡಿಯುವುದು, ನಾನು ಜಗಲಿಯ ಮೇಲೆ ಕೂತು ಕೇಳುವುದು. "ಇದು ಅಡುಗೆ ಮನೆ ತೊಲೆ. ಎಷ್ಟು ಒಗೆ ಕುಡಿದದೆ ನೋಡು" ಅನ್ನುವನು. "ಇಲ್ಲಿ ಯಾರೋ ಇದ್ದಲಲ್ಲಿ ಗೆರೆ ಎಳದವ್ರೆ" ಅನ್ನುವನು. ಅದು ನಾನೇ. ಪ್ರತಿ ಯುಗಾದಿಗೂ ಎಷ್ಟು ಉದ್ದ ಬೆಳೆದೆ ಎಂದು ಅವ್ವ ಎಳೆಯುತ್ತಿದ್ದ ಗೆರೆ. ನಾನು ಒಳಗೆ ಹೋಗಲಾಗದ ಮನೆಯನ್ನು ಅವನು ಹೀಗೆ ಚೂರುಚೂರು ಹೊರಗೆ ತಂದುಕೊಡುತ್ತಿದ್ದ. ನಾನು ಅವನನ್ನು ಯಾವಾಗ "ನೀನು" ಅನ್ನತೊಡಗಿದೆನೋ ತಿಳಿಯಲಿಲ್ಲ. ಪ್ರೀತಿ ಅಂದರೆ ಅದೇ ಇರಬೇಕು, ಬೇರೆ ಹೆಸರು ನನಗೆ ಗೊತ್ತಿಲ್ಲ.

ಬೆಲೆ ಕುದುರಿಸುವ ದಿನ ಬಂತು. ಮರಿಮಲ್ಲಪ್ಪ ಬಂದರು, ಅಣ್ಣ ಬಂದ. ಇಬ್ಬರೂ ಜಗಲಿಯ ಮೇಲೆ ಎದುರುಬದುರು ಕೂತು ಕೈಗಳ ಮೇಲೆ ಟವೆಲು ಮುಚ್ಚಿಕೊಂಡರು. ತೆರಕಣಾಂಬಿ ದನದ ಸಂತೆಯ ಪದ್ಧತಿ ಅದು. ಬಾಯಲ್ಲಿ ಬೆಲೆ ಹೇಳುವುದಿಲ್ಲ. ಟವೆಲಿನಡಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಬಟ್ಟೆ ಅಲುಗುವುದಷ್ಟೇ ಕಾಣುತ್ತದೆ. ಎತ್ತು ಮಾರುವಂತೆ ನನ್ನ ಮನೆ ಮಾರುತ್ತಿದ್ದರು. ಒಮ್ಮೆ ಅಣ್ಣ ತಲೆ ಅಲ್ಲಾಡಿಸಿದ, ಒಮ್ಮೆ ಮರಿಮಲ್ಲಪ್ಪ ನಕ್ಕರು, ಆಮೇಲೆ ಟವೆಲು ತೆಗೆದರು. ಮುಗಿಯಿತು.

"ಎಷ್ಟಕ್ಕಣ್ಣ?" ಅಂದೆ.

"ನಿನ್ನ ಪಾಲು ನಿಂಗೆ ಬತ್ತದೆ. ಸಹಿ ಆಕು ಸಾಕು. ಎಂಗಸ್ರಿಗ್ಯಾಕೆ ಲೆಕ್ಕ?" ಅಂದ ಮಾದೇಶ.

ಅವರಿಬ್ಬರೂ ಟೀ ಕುಡಿಯಲು ಹೋದಾಗ ನಾನು ಶಾಂತರಾಜುವಿನ ಮೇಲೆ ಹರಿಹಾಯ್ದೆ. "ಬೆಲೆ ಕಟ್ಟಿದೋನು ನೀನು. ನೀನೇ ಹೇಳು."

"ಬಾಯಿ ಬುಡಾಕಿಲ್ಲ ಅಂತ ಧಣಿಗೆ ಮಾತು ಕೊಟ್ಟಿವ್ನಿ ಕಣಮ್ಮಿ."

ಬೀದಿಯ ಕಡೆ ಒಮ್ಮೆ ನೋಡಿದ. ಆಮೇಲೆ ಪಕ್ಕದಲ್ಲಿ ಕೂತು, ಹೆಗಲ ಟವೆಲು ತೆಗೆದು ನನ್ನ ಕೈ ಮೇಲೆ ಹಾಸಿದ. "ಬಾಯಿ ಬುಡಾಕಿಲ್ಲ ಅಂದಿವ್ನಿ. ಕೈಗೆ ಮಾತು ಕೊಟ್ಟಿಲ್ಲ."

ಅವನ ಅಪ್ಪ ಸಂತೆಯಲ್ಲಿ ದಲ್ಲಾಳಿಯಾಗಿದ್ದರಂತೆ. ಟವೆಲಿನಡಿ ಅವನ ಬೆರಳು ನನ್ನ ಬೆರಳು ಹುಡುಕಿತು. ಬಿಸಿನೀರಲ್ಲಿ ದಿನವಿಡೀ ಗೂಡು ತಡಕಿ ನನ್ನ ಬೆರಳ ತುದಿಗಳು ಬೆಳ್ಳಗೆ ಬೆಂದು, ಸಿಪ್ಪೆ ಎದ್ದಿರುತ್ತವೆ. ನಾಚಿಕೆಯಾಗಿ ಎಳೆದುಕೊಳ್ಳಲು ಹೋದೆ. ಅವನು ಬಿಡಲಿಲ್ಲ. ನಾಲ್ಕು ಬೆರಳು ಒಟ್ಟಿಗೆ ಹಿಡಿದ, ಬೆರಳಿಗೆ ಹತ್ತು ಸಾವಿರ. ನಲವತ್ತು. ಆಮೇಲೆ ಹೆಬ್ಬೆರಳನ್ನು ನಡು ಗೆಣ್ಣಿನಲ್ಲಿ ಮೆಲ್ಲಗೆ ಮಡಿಸಿದ. ಅರ್ಧ. ನಲವತ್ತೈದು ಸಾವಿರ.

"ಗೊತ್ತಾಯ್ತಾ?"

"ಇಲ್ಲ," ಅಂದೆ.

ಇನ್ನೊಂದು ಸಲ ಹೇಳಿದ. ಇನ್ನೂ ನಿಧಾನ.

"ಈಗ?"

"ಬೆರಳು ಬೆಂದವೆ ಕಣಪ್ಪ, ಬೇಗ ತಿಳಿಯಲ್ಲ."

ಅವನ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಈ ಸಲ ನಾಲ್ಕೂ ಅಲ್ಲ, ಅರ್ಧವೂ ಅಲ್ಲ, ಇಡೀ ಕೈಯನ್ನೇ ಹಿಡಿದುಕೊಂಡ. ಸುಮ್ಮನೆ ಹಿಡಿದುಕೊಂಡು ಬೀದಿ ನೋಡುತ್ತಾ ಕೂತ.

"ಇದೆಷ್ಟು?" ಅಂದೆ. ದನಿ ನನ್ನದೇ ಅನಿಸಲಿಲ್ಲ.

"ಇದು ಲೆಕ್ಕಕ್ಕಿಲ್ಲ," ಅಂದ.

ಅಷ್ಟಕ್ಕೇ ಏಳಬೇಕಿತ್ತು ನಾನು. ಆದರೆ ಕೈ ಸಿಕ್ಕಿದರೆ ಹೆಗಲೂ ಬೇಕು ಅನ್ನುವ ಜಾತಿ ನನ್ನದು.

"ಶಾಂತರಾಜು, ಧಣಿಗೆ ಹೇಳು, ಮರ ಗೆದ್ದಲು ತಿಂದದೆ ಅಂತ. ಒಳಗೆ ಟೊಳ್ಳು ಅಂತ. ಅವರು ಬಿಟ್ಟು ಹೋಗ್ತಾರೆ. ಮನೆ ಉಳೀತದೆ."

ಅವನ ಕೈ ಸಡಿಲವಾಯಿತು. "ಮರದ ಮ್ಯಾಲೆ ಸುಳ್ಳು ಯೋಳಾಕಿಲ್ಲ ಕಣಮ್ಮಿ. ಇವತ್ತು ನಿಂಗೋಸ್ಕರ ಟೊಳ್ಳು ಅಂದ್ರೆ, ನಾಳೆ ನಾನು ಗಟ್ಟಿ ಅಂದದ್ದ ಯಾರು ನಂಬ್ತಾರೆ? ನಂಗಿರಾದು ಅದೊಂದೇ ಮಾತು."

"ನನಗಿರೋದೂ ಇದೊಂದೇ ಮನೆ."

"ಒಂದು ಮಾಡ್ತೀನಿ. ಬಿಚ್ಚಿದ ಕೂಲಿಗೆ ದುಡ್ಡು ಬ್ಯಾಡ, ಮುಂದಿನ ಬಾಗ್ಲು ಕೊಡಿ ಅಂತ ಧಣಿಯ ಕೇಳ್ತೀನಿ. ನಾವು ಎಲ್ಲಿದ್ರೆ ಅಲ್ಲಿಗೆ ಅದೇ ಬಾಗ್ಲು ಇಡನ."

ನಾವು ಅಂದಿದ್ದ. ನನಗೆ ಅದು ಕೇಳಿಸಿತು. ಕೇಳಿಸಿಯೂ, "ಗೋಡೆ ಇಲ್ಲದ ಬಾಗಿಲು ತಗೊಂಡು ತಲೆ ಮೇಲೆ ಹೊತ್ಕೊಳ್ಳಲಾ?" ಅಂತ ಎದ್ದು ಬಸ್ಸು ಹತ್ತಿದೆ. ಸಿಟ್ಟು ಬಂದಾಗ ನನಗೆ ಒಳ್ಳೆಯ ಮಾತೆಲ್ಲ ಕೆಟ್ಟದಾಗಿಯೇ ಕೇಳಿಸುತ್ತದೆ. ಅವನು ಜಗಲಿಯ ಮೇಲೆ ಟವೆಲು ಮಡಿಸುತ್ತಾ ಕೂತಿದ್ದ.

ಅಣ್ಣ ಅಡ್ವಾನ್ಸು ತಗೊಂಡ. ಗಡುವು ಮುಗಿದ ಮೇಲೆ ಮನೆ ಬಿಚ್ಚುವುದೆಂದು ಮಾತಾಯಿತು. ಶಾಂತರಾಜು ಆಮೇಲೆ ಬರಲಿಲ್ಲ. ನಾನು ರಜೆಯ ದಿನ ಬಂದು ಒಬ್ಬಳೇ ಕೂತು ಹೋಗುತ್ತಿದ್ದೆ. ಒಳಗೆ ಟಕ್ ಟಕ್ ಇಲ್ಲದ ಮನೆ ಅವ್ವ ಸತ್ತ ದಿನಕ್ಕಿಂತ ಖಾಲಿಯಾಗಿತ್ತು.

ಚಾಮರಾಜನಗರ ಜಿಲ್ಲೆಯಾದ ಸಂಭ್ರಮದಲ್ಲಿ ಪೇಟೆಯಲ್ಲಿ ಪಟಾಕಿ ಹೊಡೆಯುತ್ತಿದ್ದರು. ಕಾರ್ಖಾನೆಯ ಗೇಟಿನ ಹತ್ತಿರ ಅಣ್ಣ ನಿಂತಿದ್ದ. ಅವನ ಮುಖ ನೋಡಿ ಓಡಿಬಂದೆ.

"ಗುಂಡ್ಲುಪೇಟೇಲಿ ಒಂದು ಮನೆ ಬಿಚ್ತಿದ್ರು. ತೊಲೆ ಜಾರ್ಬುಡ್ತು ಕಣಮ್ಮಿ. ಶಾಂತರಾಜು ಕೆಳಗಿದ್ದ. ಮೈಸೂರಿಗೆ ಆಕಂಡು ಓದ್ರು. ಎಡಗಾಲು ಮಂಡಿ ಕೆಳಗೆ ತಗ್ದುಬುಟ್ರಂತೆ."

ಊರಿಗೆ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಮುಳ್ಳು ಎತ್ತಿದವನ ಕಾಲು ಹೋಯಿತು. ಯಾರಿಗೂ ಬೇರೆ ಸಾಕ್ಷಿ ಬೇಕಿರಲಿಲ್ಲ. ಬಾಗಿಲಿಗೆ ಇನ್ನೊಂದು ಹೊರೆ ಮುಳ್ಳು ತಂದು ಹಾಕಿದರು. ಮರಿಮಲ್ಲಪ್ಪ ಅಡ್ವಾನ್ಸು ವಾಪಸು ಇಸಿದುಕೊಂಡರು. ಆ ಮರ ಮುಟ್ಟುವುದಿಲ್ಲವೆಂದು ಆಳುಗಳು ಕೈ ಮುಗಿದಿದ್ದರು. ಗುರುಮಲ್ಲಯ್ಯ ಸಿಕ್ಕಾಗ ಕೇಳದೇ ಹೇಳಿದರು, "ಪುಕ್ಕಟೆ ಕೊಟ್ರೂ ಬ್ಯಾಡ ಕಣಮ್ಮಿ. ನಂಗೆ ದನ ಬೇಕು."

ನಾನು ಕೇಳಿದ್ದು ಒಂದು ಸುಳ್ಳು. ಅದನ್ನು ಕೊಡಲಾರದೆ ಅವನು ಕಾಲು ಕೊಟ್ಟಹಾಗಾಯಿತು. ನಕ್ಷತ್ರ ನಂಬುತ್ತೀಯಾ ಅಂತ ನನ್ನನ್ನು ಯಾರಾದರೂ ಆಗ ಕೇಳಿದ್ದರೆ ಏನು ಹೇಳುತ್ತಿದ್ದೆನೋ. ನಂಬಲಿಲ್ಲ. ಆದರೆ ಹೆದರಿದ್ದೆ.

ಬೆಳಗಿನ ರೈಲು ಹಿಡಿದು ಮೈಸೂರಿನ ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲಲ್ಲಿ ಅವನ ತಾಯಿ ಮಹಾಲಕ್ಷ್ಮಮ್ಮ ಕೂತಿದ್ದರು. ನನ್ನ ಹೆಸರು ಕೇಳಿದ್ದೇ ಎದ್ದು ನಿಂತರು.

"ಮುಳ್ಳು ಮನೆ ಎಣ್ಣು ನೀನೇನಾ? ಇನ್ನೊಂದು ಕಾಲು ಉಳ್ದದೆ, ಅದೂ ಬೇಕಾ ನಿಂಗೆ?"

ಒಳಗಿನಿಂದ ಅವನು "ಅವ್ವ, ಬುಡು" ಅಂದ. ಆಕೆ ದಾರಿ ಬಿಟ್ಟರು, ಮುಖ ತಿರುಗಿಸಿಕೊಂಡರು.

ಎತ್ತರದ ಆಳು ಅಷ್ಟು ಚಿಕ್ಕವನಾಗಿಬಿಟ್ಟಿದ್ದ. ಹೊದಿಕೆ ಒಂದು ಕಡೆ ಬರಿದಾಗಿ ಚಪ್ಪಟೆಯಾಗಿ ಮಲಗಿತ್ತು. ನಾನು ಅಲ್ಲಿ ನೋಡಬಾರದೆಂದು ಅಂದುಕೊಂಡೇ ನೋಡಿದೆ.

"ನೋಡು, ಸುಳ್ಳು ಯೋಳದೇ ನಿನ್ನ ಮನೆ ಉಳೀತು," ಅಂದ. ನಗಿಸಲೆಂದೇ ಅಂದದ್ದು. ನಾನು ಅಲ್ಲೇ ಮಂಚದ ಕಂಬಿ ಹಿಡಿದು ಅತ್ತುಬಿಟ್ಟೆ.

"ಅಳಬ್ಯಾಡ. ತೊಲೆ ಜಾರಿದ್ದು ಕಟ್ಟಿದ್ದ ಅಗ್ಗ ಹಳೇದಾಗಿತ್ತು ಅಂತ. ನಕ್ಷತ್ರನೂ ಅಲ್ಲ, ನೀನೂ ಅಲ್ಲ." ಹೊದಿಕೆ ಮೇಲಕ್ಕೆ ಎಳೆದುಕೊಂಡ. "ಗೋಪಾಲಸ್ವಾಮಿ ಬೆಟ್ಟಕ್ಕೆ ಕರ್ಕೊಂಡೋಗಿ ಕೇಳನ ಅಂತಿದ್ದೆ ನಿನ್ನ. ಇನ್ನು ಆಗಕಿಲ್ಲ. ಓಗಮ್ಮಿ. ತಿರುಗಾ ಬರಬ್ಯಾಡ."

"ಶಾಂತರಾಜು..."

"ನಾನು ಬೆಲೆ ಕಟ್ಟೋನು ಕಣೆ. ನನ್ನ ಬೆಲೆ ಈಗೆಷ್ಟು ಅಂತ ನಂಗೊತ್ತು. ಓಗು."

ಮತ್ತೆರಡು ಸಲ ಹೋದೆ. ಒಮ್ಮೆ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡ. ಇನ್ನೊಮ್ಮೆ ಹೋದಾಗ ಮನೆಗೆ ಕರೆದುಕೊಂಡು ಹೋಗಿದ್ದರು.

ಮನೆಯ ಗಡುವು ಮುಗಿಯಿತು. ಮುಳ್ಳು ತೆಗೆಯುವವರಿಲ್ಲ, ಕೊಳ್ಳುವವರಿಲ್ಲ. ಅಣ್ಣ ಒಂದು ದಿನ ಬಂದು, ಕಣ್ಣು ತಪ್ಪಿಸಿ ಹೇಳಿದ, "ನೀನೇ ಇಟ್ಕೋ ಬುಡು ಕಣಮ್ಮಿ. ಬರ್ಕೊಡ್ತೀನಿ. ನಂಗೂ ಒಂದು ಮಗು ಅದೆ." ಕೆಟ್ಟವನಲ್ಲ ನನ್ನಣ್ಣ. ಬೆಲೆ ಇದ್ದಾಗ ಬೇಕಿತ್ತು, ಭಯ ಬಂದಾಗ ಬೇಡವಾಯಿತು, ಎಲ್ಲರೂ ಹಾಗೆಯೇ.

"ಇಟ್ಕೋತೀನಿ," ಅಂದೆ. "ಆದ್ರೆ ಒಂದು ಕೆಲಸ ಮಾಡಣ್ಣ. ಶಾಂತರಾಜುಗೆ ಹೇಳು, ಹರದನಹಳ್ಳೀಲಿ ಒಂದು ಮನೆಗೆ ಬೆಲೆ ಕಟ್ಟಬೇಕು ಅಂತೆ, ಗಿರಾಕಿ ಕಾಯ್ತಾ ಇದಾರೆ ಅಂತ."

ಪ್ರೀತಿಗೆ ಕರೆದರೆ ಬರುತ್ತಿರಲಿಲ್ಲ. ಕೆಲಸಕ್ಕೆ ಕರೆದರೆ ಬಂದೇ ಬರುತ್ತಾನೆಂದು ನನಗೆ ಗೊತ್ತಿತ್ತು.

ಬಂದ. ಅಣ್ಣ ಓಡಿಸುತ್ತಿದ್ದ ಜೀಪಿನಲ್ಲಿ, ಕಂಕುಳಲ್ಲಿ ಊರುಗೋಲು, ಹೆಗಲ ಮೇಲೆ ಅದೇ ಟವೆಲು. ಜೊತೆಗೆ ಮಹಾಲಕ್ಷ್ಮಮ್ಮ. ಆಕೆ ಜೀಪಿನಿಂದ ಇಳಿಯಲಿಲ್ಲ. ಬೀದಿಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಅಷ್ಟು ಹೊತ್ತಿಗೆ ನಾನು ಮುಳ್ಳು ಎಳೆಯುತ್ತಿದ್ದೆ. ಒಣಗಿದ ಜಾಲಿ ಒಂದಕ್ಕೊಂದು ಹೆಣೆದುಕೊಂಡು ಬರುವುದೇ ಇಲ್ಲ. ಬೆಂದ ಬೆರಳಿಗೆ ಚುಚ್ಚಿದ್ದು ತಡವಾಗಿ ತಿಳಿಯುತ್ತದೆ, ರಕ್ತ ಕಂಡ ಮೇಲೆ. ಅವನು ಜಗಲಿಗೆ ಒರಗಿ ನಿಂತು ನೋಡಿದ.

"ಗಿರಾಕಿ ಎಲ್ಲಿ?"

"ನಾನೇ. ಬಾಗಿಲಿಂದ ಶುರು ಮಾಡು."

ಅವನು ಸೊಂಟದಿಂದ ಸುತ್ತಿಗೆ ತೆಗೆದು ಬಾಗಿಲವಾಡ ಬಡಿದ. ಟಕ್. ಟಕ್. ಕಿವಿ ಕೊಟ್ಟು ಕೇಳಿದ. ಎಷ್ಟು ತಿಂಗಳ ಮೇಲೆ ಕೇಳಿದ ಸದ್ದು ಅದು.

"ಮರ ಗಟ್ಟಿ ಅದೆ," ಅಂದ.

"ಬೆಲೆ?"

"ಮರಕ್ಕದೆ. ಮನೆಗಿಲ್ಲ. ಈ ಸುತ್ತಿನಲ್ಲಿ ಯಾರೂ ಒಂದು ಬಿಡಿಗಾಸು ಕೊಡಾಕಿಲ್ಲ."

"ಬೆಲೆ ಕಟ್ಟಿದ ಕೂಲಿ ಏನು ಕೊಡ್ಲಿ?"

ಅವನು ತಲೆ ಅಲ್ಲಾಡಿಸಿದ.

"ಕೂಲಿಗೆ ಮುಂದಿನ ಬಾಗಿಲು ಕೇಳ್ತೀನಿ ಅಂದಿದ್ದೆ," ಅಂದೆ. "ತಗೋ. ಬಿಚ್ಚಬೇಡ. ಗೋಡೆ ಸಮೇತ ಕೊಡ್ತೀನಿ."

ಅವನು ಊರುಗೋಲನ್ನು ಕಂಕುಳಿಗೆ ಎಳೆದುಕೊಂಡ. "ಉಚ್ಚು ಕಣಮ್ಮಿ ನಿಂಗೆ. ಒಂಟಿ ಕಾಲೋನ್ನ ಕಟ್ಕೊಂಡು ಏನು ಮಾಡ್ತೀಯ? ಈ ಬೀದೀಲಿ ಯಾರೂ ನಿನ್ನ ಮನೆ ನೀರು ಮುಟ್ಟಾಕಿಲ್ಲ. ನಾಳೆ ನಂಗೊಂದು ಜ್ವರ ಬಂದ್ರೂ ಮನೆ ತಿಂತು ಅಂತಾರೆ. ನಿಂಗೆ ಬಂದ್ರೆ ನಾನು ತಿಂದೆ ಅಂತಾರೆ."

"ಅನ್ನಲಿ. ಬೀದೀಲಿ ನಿಂತು ಮನೆ ನೋಡಿದ್ದು ಸಾಕಾಗದೆ ನನಗೆ. ನಿನ್ನನ್ನೂ ಹಂಗೇ ಬೀದೀಲಿ ನಿಂತು ನೋಡಕ್ಕೆ ನನ್ನ ಕೈಲಾಗಲ್ಲ."

ಜೀಪಿನೊಳಗಿಂದ ಮಹಾಲಕ್ಷ್ಮಮ್ಮ ಅಳುವ ಸದ್ದು ಕೇಳಿಸಿತು. ಅಣ್ಣ ಚಕ್ರ ನೋಡುವವನಂತೆ ಬಗ್ಗಿಕೊಂಡ.

ನಾನು ಅವನನ್ನು ಜಗಲಿಯ ಮೇಲೆ ಕೂರಿಸಿದೆ. ಅವನ ಹೆಗಲ ಟವೆಲು ತೆಗೆದು ಇಬ್ಬರ ಕೈಗೂ ಮುಚ್ಚಿದೆ. ಬೀದಿಯೆಲ್ಲ ನೋಡುತ್ತಿತ್ತು, ನೋಡಲಿ. ಟವೆಲಿನಡಿ ನಾನು ಬೆರಳು ಎಣಿಸಲಿಲ್ಲ, ಅವನ ಇಡೀ ಕೈಯನ್ನು ಹಿಡಿದುಕೊಂಡೆ. ನನ್ನ ಬೆರಳಿನ ರಕ್ತ ಅವನ ಅಂಗೈಗೆ ಹತ್ತಿತು. ಮೊದಲು ಅವನ ಕೈ ಸತ್ತಂತೆ ಇತ್ತು. ಆಮೇಲೆ ಮೆಲ್ಲಗೆ ಬಿಗಿಯಾಯಿತು.

"ಇದೆಷ್ಟು?" ಅಂದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ತುಟಿಯ ಒಂದು ಮೂಲೆ ನಗಲು ನೋಡುತ್ತಿತ್ತು.

"ಅಡ್ವಾನ್ಸು," ಅಂದೆ.

ಆಮೇಲೆ ನಾನು ಮುಳ್ಳನ್ನೆಲ್ಲ ಮುರಿದು ಒಳಗೆ ಒಯ್ದು ಅವ್ವನ ಒಲೆಗೆ ಹಾಕಿದೆ. ಒಣ ಜಾಲಿ, ಚೆನ್ನಾಗಿ ಉರಿಯಿತು. ಚೀಲದಲ್ಲಿ ತಂದಿದ್ದ ಪುಡಿ ಹಾಕಿ ಕಾಫಿ ಕಾಯಿಸಿದೆ. ಶಾಂತರಾಜು ಕುಡಿದ. ಅಣ್ಣ ತಲೆ ತಗ್ಗಿಸಿ ಬೇಡ ಅಂದ. ಒಂದು ಲೋಟ ಜೀಪಿನ ಹತ್ತಿರ ತೆಗೆದುಕೊಂಡು ಹೋದೆ. ಮಹಾಲಕ್ಷ್ಮಮ್ಮ ನನ್ನ ರಕ್ತ ಹತ್ತಿದ ಬೆರಳುಗಳನ್ನು ನೋಡಿದರು, ಲೋಟ ಮುಟ್ಟಲಿಲ್ಲ.

ಅದನ್ನು ಜಗಲಿಯ ಮೇಲೆ, ಅವರು ಇಳಿದರೆ ಕೈಗೆಟುಕುವ ಕಡೆ ಇಟ್ಟೆ. ಬಾಗಿಲು ತೆರೆದೇ ಬಿಟ್ಟು ಒಳಗೆ ಹೋದೆ.